ನಗುವ ಮುನ್ನ ಒಮ್ಮೆ ಅನುವಾದಿಸಿ ನೋಡೋಣ

ಹೋದ ತಿಂಗಳ ಒಂದು ರಾತ್ರಿ. ಬೆಂಗಳೂರಿನ ನಮ್ಮ ಪಿ.ಜಿ.ಯಲ್ಲಿ ಊಟ ಮುಗಿಸಿ ನಾಲ್ವರು ಗೆಳತಿಯರು ಒಂದೇ ಮೊಬೈಲ್ ಸುತ್ತ ಕುಳಿತಿದ್ದೆವು. ಯಾರೋ ಗ್ರೂಪಿಗೆ ಹಾಕಿದ್ದ ಕಾಮಿಡಿ ರೀಲ್ ಅದು. ಒಬ್ಬಾತ ಬೆರಳಿನಿಂದ ಕಣ್ಣಂಚು ಎಳೆದುಕೊಂಡು, ಈಶಾನ್ಯ ರಾಜ್ಯದವರ ಹಾಗೆ ಮಾತನಾಡುತ್ತಾ, ಅವರು ಏನೇನು ತಿನ್ನುತ್ತಾರೆ ಎಂದು ಗೇಲಿ ಮಾಡುತ್ತಿದ್ದ. ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ.

ಪಕ್ಕದ ಮಂಚದಲ್ಲಿದ್ದ ನನ್ನ ರೂಮ್‌ಮೇಟ್ ಅಸ್ಸಾಮಿನವಳು. ಕನ್ನಡ ಅಷ್ಟಾಗಿ ಬಾರದು. ನಮ್ಮ ನಗು ಕೇಳಿ ಎದ್ದು ಬಂದಳು. 'ಏನಂದ ಅವನು? ನನಗೂ ಹಿಂದಿಯಲ್ಲಿ ಹೇಳಿ, ನಾನೂ ನಗ್ತೀನಿ' ಎಂದಳು. ಯಾರಿಗೂ ಬಾಯಿ ಬರಲಿಲ್ಲ. ಒಬ್ಬಳು ಮೊಬೈಲ್ ಆಫ್ ಮಾಡಿದಳು. ನಾನು, 'ಏನಿಲ್ಲ, ಕನ್ನಡದ ಜೋಕು, ಹಿಂದಿಯಲ್ಲಿ ಹೇಳಿದರೆ ಮಜಾ ಬರಲ್ಲ' ಎಂದು ಜಾರಿಕೊಂಡೆ.

ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಯಾರ ಬಗ್ಗೆ ಜೋಕು ಮಾಡುತ್ತೇವೋ ಅವರ ಮುಖ ನೋಡಿ ಅದನ್ನು ಹೇಳಲಾಗದಿದ್ದರೆ ಅದು ಜೋಕೇ? ಅಥವಾ ಬೆನ್ನ ಹಿಂದಿನ ಬೈಗುಳವೇ?

ನಾನು ಗದಗ ಜಿಲ್ಲೆಯವಳು. ಓದಲು ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ತರಗತಿಯ ಹಿಂದಿನ ಬೆಂಚಿನಿಂದ 'ಹೌದ್ರೀ, ಬರ್ರೀ' ಎಂಬ ರಾಗ ಕೇಳಿಬರುತ್ತಿತ್ತು. ಅವರು ನಮ್ಮ ಭಾಷೆಯನ್ನು ಕಲಿತದ್ದು ನಮ್ಮೂರಿಗೆ ಬಂದಲ್ಲ, ಸಿನಿಮಾ ನೋಡಿ. ನಮ್ಮ ಎಷ್ಟೋ ಸಿನಿಮಾಗಳಲ್ಲಿ ನಾಯಕ ಬೆಂಗಳೂರು–ಮೈಸೂರು ಕಡೆಯ ಕನ್ನಡ ಮಾತನಾಡುತ್ತಾನೆ. ಉತ್ತರ ಕರ್ನಾಟಕದ ಕನ್ನಡ ಆಡುವವನು ಹೆಚ್ಚಾಗಿ ನಗಿಸುವ ಪಾತ್ರದವನು. ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ನಾನು ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೆ. ಅದರ ನೋವು ಬಲ್ಲ ನಾನೇ ಇನ್ನೊಬ್ಬಳ ಕಣ್ಣು, ಮೂಗು, ಊಟವನ್ನು ನೋಡಿ ನಕ್ಕಿದ್ದೆ. ಗೇಲಿಗೆ ಒಳಗಾದವರು ಗೇಲಿ ಮಾಡುವುದಿಲ್ಲ ಎಂದೇನಿಲ್ಲ. ತಮಗಿಂತ ದುರ್ಬಲರು ಸಿಕ್ಕಾಗ ಅದನ್ನು ಅವರಿಗೆ ದಾಟಿಸುತ್ತಾರೆ, ಅಷ್ಟೇ.

'ಒಂದು ತಮಾಷೆಗೆ ಇಷ್ಟೆಲ್ಲ ಯಾಕೆ?' ಎಂದು ಕೆಲವರು ಕೇಳಬಹುದು. ನಮ್ಮದೇ ರಾಜ್ಯದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳೋಣ. 2012ರ ಆಗಸ್ಟ್. ಅಸ್ಸಾಮಿನ ಕೊಕ್ರಝಾರ್ ಭಾಗದಲ್ಲಿ ಹಿಂಸಾಚಾರ ನಡೆದಿತ್ತು. ಅದರ ಬೆನ್ನಿಗೇ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್‌ಗಳಲ್ಲಿ ಹರಿದಾಡಿತು. ಎರಡೇ ದಿನಗಳಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಮೆಜೆಸ್ಟಿಕ್‌ನ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೇಂದ್ರ ಸರ್ಕಾರ ಮಿತಿ ಹೇರಿತು. ನನ್ನ ರೂಮ್‌ಮೇಟ್‌ಳ ಸೋದರಮಾವ ಆಗ ಇಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದರಂತೆ. ಅದೇ ರೈಲು ಹತ್ತಿದವರು ಮತ್ತೆ ಈ ಕಡೆ ಬರಲಿಲ್ಲವಂತೆ.

ವದಂತಿಯಲ್ಲಿ ಹೇಳಿದಂಥ ದಾಳಿ ನಡೆಯಲಿಲ್ಲ. ಆದರೂ ಅಷ್ಟು ಜನ ಆ ಸುಳ್ಳನ್ನು ನಂಬಿದ್ದೇಕೆ? ಬಸ್ಸಿನಲ್ಲಿ, ಅಂಗಡಿಯಲ್ಲಿ, ಬಾಡಿಗೆ ಮನೆ ಕೇಳುವಾಗ 'ಚಿಂಕಿ' ಎಂದು ಕರೆಸಿಕೊಂಡವರು ಅವರು. ಈ ಊರು ನಮ್ಮದಲ್ಲ ಎಂದು ದಿನವೂ ಕೇಳಿಸಿಕೊಂಡವರಿಗೆ, ಈ ಊರು ನಮ್ಮನ್ನು ಕೊಲ್ಲುತ್ತದೆ ಎಂಬ ಮಾತು ನಂಬಲಾಗದ್ದೇನೂ ಆಗಿರಲಿಲ್ಲ. ವದಂತಿ ಎಂಬ ಬೀಜ ಎಲ್ಲಿಂದಲೋ ಬಂದಿರಬಹುದು. ನೆಲ ಹದ ಮಾಡಿಟ್ಟವರು ನಾವು.

ಅಲ್ಲಿಗೇ ಮುಗಿಯಲಿಲ್ಲ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನೀಡೊ ತಾನಿಯಾ ಅವರನ್ನು ಹೊಡೆದರು. ಅವರು ಮರುದಿನ ತೀರಿಕೊಂಡರು. ಜಗಳ ಶುರುವಾಗಿದ್ದು ಅವರ ಕೂದಲು, ರೂಪದ ಬಗೆಗಿನ ಗೇಲಿಯಿಂದ. ಅನಂತರ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ, ಇಂಥ ಅವಹೇಳನವನ್ನು ಶಿಕ್ಷಿಸಲು ಕಾನೂನಿನಲ್ಲಿ ಪ್ರತ್ಯೇಕ ಅವಕಾಶ ಬೇಕೆಂದು ಅದೇ ವರ್ಷ ಶಿಫಾರಸು ಮಾಡಿತು. 2020ರಲ್ಲಿ ಕೋವಿಡ್ ಬಂದಾಗ ಹಳೆಯ ಬೈಗುಳದ ಜಾಗಕ್ಕೆ 'ಕೊರೊನಾ' ಎಂಬ ಹೊಸ ಹೆಸರು ಬಂತು. ಲಾಕ್‌ಡೌನ್‌ನ ಮೊದಲ ದಿನಗಳಲ್ಲೇ ಮೈಸೂರಿನ ಮಳಿಗೆಯೊಂದು ನಾಗಾಲ್ಯಾಂಡಿನ ಇಬ್ಬರು ಯುವಕರನ್ನು ದಿನಸಿ ಕೊಳ್ಳಲು ಒಳಗೆ ಬಿಡಲಿಲ್ಲ. ಅವರು ಮಾಡಿದ ತಪ್ಪೆಂದರೆ ಅವರಿಗಿದ್ದ ಮುಖ.

ಇದು ಒಂದು ಪ್ರದೇಶದವರ ಕಥೆಯಷ್ಟೇ ಅಲ್ಲ. ಅದೇ 2020ರಲ್ಲಿ ಕೆಲವು ಸುದ್ದಿ ವಾಹಿನಿಗಳು ದೆಹಲಿಯ ತಬ್ಲೀಗ್ ಸಮಾವೇಶವನ್ನು ಹಿಡಿದು, ಇಡೀ ಒಂದು ಸಮುದಾಯವೇ ರೋಗ ಹಬ್ಬಿಸುತ್ತಿದೆ ಎಂಬಂತೆ ದಿನಗಟ್ಟಲೆ ಕೂಗಾಡಿದವು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ, ಆ ಸಮಾವೇಶಕ್ಕೆ ಬಂದಿದ್ದ ವಿದೇಶಿಯರ ವಿರುದ್ಧದ ಪ್ರಕರಣಗಳನ್ನು ರದ್ದು ಮಾಡಿತು. ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂದಿತು, ಮಾಧ್ಯಮಗಳ ಪ್ರಚಾರವನ್ನೂ ಟೀಕಿಸಿತು. ಆದರೆ ತಿಂಗಳುಗಟ್ಟಲೆ ಕೇಳಿದ ಕೂಗು ಒಂದು ತೀರ್ಪಿನಿಂದ ಜನರ ಕಿವಿಯಿಂದ ಹೋಗುತ್ತದೆಯೇ? ನಮ್ಮ ಗಲ್ಲಿಯ ತರಕಾರಿ ಗಾಡಿಯವರನ್ನು ಹೆಸರು ಕೇಳಿ ವಾಪಸ್ ಕಳಿಸಿದ್ದನ್ನು ನಾನು ನೋಡಿದ್ದೇನೆ.

ಮಾತು ಎಲ್ಲಿಯವರೆಗೆ ಹೋಗಬಲ್ಲದು ಎನ್ನುವುದಕ್ಕೆ ಜಗತ್ತು ಕಂಡ ಭೀಕರ ಪಾಠ ರುವಾಂಡಾದ್ದು. ಅಲ್ಲಿ 1993ರಲ್ಲಿ ಶುರುವಾದ ಆರ್‌ಟಿಎಲ್‌ಎಂ ಎಂಬ ರೇಡಿಯೊ ಕೇಂದ್ರ ಯುವಜನರಿಗೆ ಅಚ್ಚುಮೆಚ್ಚಾಗಿತ್ತು. ಒಳ್ಳೆಯ ಹಾಡು, ಬೀದಿಮಾತು, ಹಾಸ್ಯ ಎಲ್ಲವೂ ಅದರಲ್ಲಿತ್ತು. ಅದರ ನಡುನಡುವೆ ತುತ್ಸಿ ಜನರನ್ನು 'ಜಿರಳೆಗಳು' ಎನ್ನುತ್ತಿದ್ದರು. 1994ರಲ್ಲಿ ಸುಮಾರು ನೂರು ದಿನಗಳಲ್ಲಿ ಅಂದಾಜು ಎಂಟು ಲಕ್ಷ ಜನರ ಕೊಲೆಯಾಯಿತು. ಆ ರೇಡಿಯೊ ಸ್ಥಾಪಿಸಿದವರಲ್ಲಿ ಇಬ್ಬರನ್ನು 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ತಪ್ಪಿತಸ್ಥರೆಂದು ಘೋಷಿಸಿತು. ನಮ್ಮ ರೀಲ್‌ಗೂ ಆ ರೇಡಿಯೊಗೂ ಅಜಗಜಾಂತರವಿದೆ, ನಿಜ. ಆದರೆ ಅಲ್ಲಿನ ಕೇಳುಗರೂ ಮೊದಲ ದಿನ ಕತ್ತಿ ಹಿಡಿಯಲಿಲ್ಲ, ಹಾಡು ಕೇಳುತ್ತಾ ನಕ್ಕರು.

ಹಾಗಾದರೆ ಜವಾಬ್ದಾರಿ ಯಾರದು? ಮಾತನಾಡಿದವನದು ಮೊದಲು. ಕಾನೂನೂ ಇದೆ. ಸಮುದಾಯಗಳ ನಡುವೆ ದ್ವೇಷ ಬಿತ್ತುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ ಅಪರಾಧ. ದ್ವೇಷ ಭಾಷಣ ಕಂಡರೆ ದೂರು ಬರುವವರೆಗೆ ಕಾಯದೆ ಪ್ರಕರಣ ದಾಖಲಿಸಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಆದರೆ ನಮ್ಮ ಪಿ.ಜಿ. ಕೋಣೆಯ ನಗುವಿಗೆ ಯಾವ ಸೆಕ್ಷನ್ ಹಾಕುತ್ತೀರಿ? ಹಾಕಲೂ ಬಾರದು. ಹಾಸ್ಯವನ್ನೆಲ್ಲ ಪೊಲೀಸರ ಕೈಗೆ ಕೊಟ್ಟರೆ, ಅಧಿಕಾರದಲ್ಲಿರುವವರನ್ನು ನಗೆಯಾಡುವ ಹಕ್ಕನ್ನು ನಾವೇ ಮೊದಲು ಕಳೆದುಕೊಳ್ಳುತ್ತೇವೆ. ಮಂತ್ರಿಯ ಮಾತನ್ನು, ಮೇಷ್ಟರ ಸಿಟ್ಟನ್ನು, ನಮ್ಮದೇ ಪೆದ್ದುತನವನ್ನು ನಗೆಯಾಡೋಣ. ಮನುಷ್ಯ ತಾನೇ ಮಾಡಿದ್ದಕ್ಕೆ ನಗುವುದು ಬೇರೆ. ಅವನು ಹುಟ್ಟಿದ ಜಾತಿ, ಮೈಬಣ್ಣ, ಮುಖ, ಭಾಷೆಗೆ ನಗುವುದು ಬೇರೆ.

ಕಾನೂನು ತಲುಪದ ಆ ಜಾಗದಲ್ಲಿ ಇರುವವರು ನಾವು, ಪ್ರೇಕ್ಷಕರು. ಚಾನೆಲ್‌ಗೆ ಟಿಆರ್‌ಪಿ ಕೊಡುವವರು, ರೀಲ್‌ಗೆ ವ್ಯೂಸ್ ಕೊಡುವವರು ನಾವೇ. 'ಇದೆಂಥ ಅಸಹ್ಯ ನೋಡಿ' ಎಂದು ಬೈಯಲು ಹಂಚಿದರೂ ಲೆಕ್ಕದಲ್ಲಿ ಅದು ಹಂಚಿಕೆಯೇ. ಆದ್ದರಿಂದ ಬೈದು ಹಂಚುವುದಕ್ಕಿಂತ, ಹಂಚದೆ ರಿಪೋರ್ಟ್ ಮಾಡುವುದು ಮೇಲು. ಟಿ.ವಿ. ಕಾರ್ಯಕ್ರಮವಾದರೆ ದಿನಾಂಕ, ಸಮಯ ಬರೆದಿಟ್ಟುಕೊಂಡು ಮೊದಲು ಆ ವಾಹಿನಿಗೇ ದೂರು ಕೊಡಬಹುದು. ಅಲ್ಲಿ ನ್ಯಾಯ ಸಿಗದಿದ್ದರೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅದರ ಮೇಲೆ ಸರ್ಕಾರಕ್ಕೆ ಹೋಗಲು 2021ರ ಕೇಬಲ್ ಟಿ.ವಿ. ನಿಯಮಗಳಲ್ಲಿ ಅವಕಾಶವಿದೆ. ಇದಕ್ಕೆ ವಕೀಲರೇ ಬೇಕೆಂದಿಲ್ಲ.

ಇನ್ನೊಂದು ಮಾತು, ನನ್ನ ಹಾಗೆ ಕೆಲಸ ಹುಡುಕುತ್ತಿರುವವರಿಗೆ. ನಾಳೆ ನಮ್ಮಲ್ಲೇ ಕೆಲವರು ಚಾನೆಲ್‌ನ ಡೆಸ್ಕ್‌ನಲ್ಲಿ ಶೀರ್ಷಿಕೆ ಬರೆಯುತ್ತೇವೆ, ಧಾರಾವಾಹಿಗೆ ಸಂಭಾಷಣೆ ಬರೆಯುತ್ತೇವೆ, ಯಾವುದೋ ಕಂಪನಿಯ ಪೇಜಿಗೆ ಮೀಮ್ ಮಾಡುತ್ತೇವೆ. 'ಇದು ಓಡುತ್ತೆ, ಹಾಕು' ಎಂದು ಮೇಲಿನವರು ಹೇಳುವ ದಿನ ಬಂದೇ ಬರುತ್ತದೆ. ಆ ದಿನ ಹೊಸದಾಗಿ ಧೈರ್ಯ ಹುಟ್ಟುವುದಿಲ್ಲ. ಇಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 'ಇದು ಬೇಡ' ಎಂದು ಹೇಳಿ ರೂಢಿಯಾದವರಿಗೆ ಮಾತ್ರ ಅಂದು ಹೇಳಲು ಬಾಯಿ ಬರುತ್ತದೆ.

ಮೂರು ದಿನ ಬಿಟ್ಟು ನಾನು ರೂಮ್‌ಮೇಟ್‌ಗೆ ಆ ರೀಲ್‌ನಲ್ಲಿ ಇದ್ದದ್ದನ್ನು ಹಿಂದಿಯಲ್ಲಿ ಹೇಳಿದೆ. ಒಂದೊಂದು ವಾಕ್ಯವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕ್ಷಮೆ ಕೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, 'ನನಗೆ ಅವತ್ತೇ ಗೊತ್ತಾಗಿತ್ತು. ನಿಮ್ಮಲ್ಲಿ ಯಾರಾದರೂ ಹೇಳ್ತೀರಾ ಅಂತ ನೋಡ್ತಿದ್ದೆ' ಎಂದಳು.

ಅಂದೇ ಗ್ರೂಪಿನಲ್ಲಿ ಎರಡು ಸಾಲು ಬರೆದು ಹಾಕಿದೆ. ಒಬ್ಬಳು ಗ್ರೂಪ್ ಬಿಟ್ಟಳು, ಇಬ್ಬರು ಮಾತು ಬದಲಿಸಿದರು. ರೀಲ್ ಹಾಕಿದ್ದ ಗೆಳತಿ ಅದನ್ನು ಅಳಿಸಿದಳು. ಇಷ್ಟರಿಂದ ಜಗತ್ತೇನೂ ಬದಲಾಗಲಿಲ್ಲ. ಆದರೆ ಈಗ ಆ ಕೋಣೆಯಲ್ಲಿ ನಾವು ನಕ್ಕಾಗ ಅವಳು 'ಏನದು?' ಎಂದು ಕೇಳಿದರೆ ಯಾರೂ ಮೊಬೈಲ್ ಆಫ್ ಮಾಡುವುದಿಲ್ಲ.