ಪಾಲು ಕೇಳಿದ ಮಗಳು

ಕಳೆದ ದಸರೆಗೆ ರಾಯಚೂರಿಗೆ ಹೋಗಿದ್ದೆವು. ಆರು ವರ್ಷದ ಮಗಳು ಬೆಳಗ್ಗೆ ಎದ್ದವಳೇ ಅಡುಗೆಮನೆಗೆ ಹೋಗಿ, ‘ಅಜ್ಜಿ, ನನಗೆ ಪಾಲು ಬೇಕು’ ಅಂದಳು. ತೆಲುಗಿನಲ್ಲಿ ಪಾಲು ಅಂದರೆ ಹಾಲು. ಗಡಿ ಜಿಲ್ಲೆಯಲ್ಲೇ ಬಾಳಿದ ನಮ್ಮ ಅವ್ವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಬೇಕೆಂದೇ ದೊಡ್ಡ ದನಿಯಲ್ಲಿ, ‘ನೋಡಪಾ, ನಿನ್ನ ಮಗಳು ಈಗ್ಲೇ ಪಾಲು ಕೇಳಾಕತ್ಯಾಳ’ ಅಂದಳು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ.

ಹೈದರಾಬಾದಿಗೆ ಮರಳುವ ರೈಲಿನಲ್ಲಿ ಮಾತ್ರ ಆ ಮಾತು ಕೊರೆಯತೊಡಗಿತು. ಗಂಡ ಹೆಂಡತಿ ಇಬ್ಬರೂ ಕನ್ನಡದವರಾದ ಮನೆಯಲ್ಲಿ ಹಾಲು ಪಾಲಾದದ್ದು ಹೇಗೆ? ಉತ್ತರ ಸರಳವಾಗಿತ್ತು. ಅವಳಿಗೆ ದಿನಾ ಸಂಜೆ ಹಾಲು ಕೊಡುವವರು ನಾವಲ್ಲ, ಡೇಕೇರಿನ ಅಕ್ಕ. ಯಾರ ಕೈಯಿಂದ ಲೋಟ ಬರುತ್ತದೋ ಅವರ ಬಾಯಿಂದಲೇ ಅದರ ಹೆಸರೂ ಬರುತ್ತದೆ.

ತೆಲುಗಿನ ಬಗ್ಗೆ ನನಗೆ ತಕರಾರಿಲ್ಲ. 2018ರ ಕಾಯ್ದೆಯ ಪ್ರಕಾರ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ನಮ್ಮಲ್ಲೂ ಕನ್ನಡಕ್ಕೆ 2015ರ ಕಾಯ್ದೆ ಇದೆ. ಇರುವ ಊರಿನ ಭಾಷೆಯನ್ನು ಮಕ್ಕಳು ಕಲಿಯಲೇಬೇಕು. ಅಷ್ಟಕ್ಕೂ 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರಿನವರಿಗೆ ಇದೇ ರಾಜಧಾನಿ. ಆ ನಂಟಿನ ಗುರುತಾಗಿ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇವೆ. ಆದರೆ ಗಚ್ಚಿಬೌಲಿ ಕಡೆಯ ಅಪಾರ್ಟ್‌ಮೆಂಟಿನಲ್ಲಿರುವ ನಮ್ಮಂಥವರ ಮಕ್ಕಳಿಗೆ ಕನ್ನಡ ಸಿಗುವುದು ಅಪ್ಪ ಅಮ್ಮ ಜೊತೆಗಿದ್ದಾಗ ಮಾತ್ರ. ನಾವು ಇಲ್ಲದ ಗಂಟೆಯಲ್ಲಿ ಅದೂ ಇಲ್ಲ.

ಆ ಗಂಟೆಗಳನ್ನು ಲೆಕ್ಕ ಹಾಕಿದೆ. ಹೆಂಡತಿ ಬ್ಯಾಂಕಿನಿಂದ ಬರುವಾಗ ಏಳು. ನನ್ನದು ಅಮೆರಿಕದ ಪ್ರಾಜೆಕ್ಟ್. ನ್ಯೂಯಾರ್ಕಿನ ಬೆಳಗಿನ ಹತ್ತು ಗಂಟೆ ಎಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಏಳೂವರೆ, ಊಟದ ಹೊತ್ತು. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮಾರ್ಚ್‌ವರೆಗೆ ಅದೇ ಮೀಟಿಂಗ್ ಎಂಟೂವರೆಗೆ, ಮಗಳು ಮಲಗುವ ಹೊತ್ತಿಗೆ. ಇಲ್ಲಿ ನಾವು ರಾಜ್ಯೋತ್ಸವದ ಸ್ಟೇಟಸ್ ಹಾಕಿ ಮುಗಿಸುವಷ್ಟರಲ್ಲಿ ಅಲ್ಲಿ ಯಾರೋ ಮುಳ್ಳು ತಿರುಗಿಸಿ ನಮ್ಮ ಮನೆಯ ಜೋಗುಳದ ಹೊತ್ತನ್ನು ಒಯ್ದಿರುತ್ತಾರೆ.

ಇದಕ್ಕೆ ನಾವು ಕಂಡುಕೊಂಡ ಸಮಾಧಾನ ‘ಕ್ವಾಲಿಟಿ ಟೈಮ್’. ಐದು ದಿನ ಮುಖ ಕೊಡದೆ ಆರನೆಯ ದಿನ ಮಾಲ್, ತಿಂಗಳಿಗೊಮ್ಮೆ ರಾಮೋಜಿ ಫಿಲ್ಮ್ ಸಿಟಿಯೋ ಗೋಲ್ಕೊಂಡವೋ. ನನಗೀಗ ಆ ಪದದ ಮೇಲೆ ನಂಬಿಕೆ ಇಲ್ಲ. ಸುತ್ತಾಡಲು ಹೋದಾಗ ಮಕ್ಕಳು ನೋಡುತ್ತಾರೆ, ತಿನ್ನುತ್ತಾರೆ, ಫೋಟೊಕ್ಕೆ ನಿಲ್ಲುತ್ತಾರೆ, ಮಾತು ಕಡಿಮೆ. ಮಾತು ಹುಟ್ಟುವುದು ಏನೂ ವಿಶೇಷವಿಲ್ಲದ ಹೊತ್ತಿನಲ್ಲಿ: ಸೊಪ್ಪು ಬಿಡಿಸುವಾಗ, ಕಳೆದ ಸಾಕ್ಸ್ ಹುಡುಕುವಾಗ, ನಾಳೆಯ ಬ್ಯಾಗಿಗೆ ಪುಸ್ತಕ ತುಂಬುವಾಗ.

ದಸರೆ ಮುಗಿದ ಮೇಲೆ ಮ್ಯಾನೇಜರ್ ಹತ್ತಿರ ಕೂತು, ಏಳೂವರೆಯಿಂದ ಒಂಬತ್ತರವರೆಗೆ ನಾನು ಸಿಗುವುದಿಲ್ಲ ಎಂದೆ. ಅಲ್ಲಿಯವರಿಗೆ ಬೆಳಗ್ಗೆ ಎಂಟಕ್ಕೇ ಬರಲು ಕೇಳಿಕೊಂಡೆ. ಇಬ್ಬರು ಮಕ್ಕಳ ತಂದೆಯಾದ ಒಬ್ಬರು ಕೂಡಲೇ ಒಪ್ಪಿದರು. ಇದುವರೆಗೆ ನಾವು ಯಾರೂ ಕೇಳಿಯೇ ಇರಲಿಲ್ಲ! ಹಾಗೆಂದು ಎಲ್ಲವೂ ಸುಸೂತ್ರವಾಗಿ ಆಗಲಿಲ್ಲ. ರಾತ್ರಿ ಕರೆಗಳನ್ನೆಲ್ಲ ನಡೆಸಬೇಕಾದ ಲೀಡ್ ಹುದ್ದೆಗೆ ನನ್ನ ಹೆಸರಿತ್ತು, ಬೇಡವೆಂದೆ. ಮನೆ ಸಾಲದ ಕಂತು ಕಟ್ಟುವ ದಿನ ಆ ‘ಬೇಡ’ ಇನ್ನೂ ಚುಚ್ಚುತ್ತದೆ. ಗುರುವಾರದ ಮೀಟಿಂಗೊಂದು ಜಗ್ಗಲೇ ಇಲ್ಲ, ಎಂಟೂವರೆಗೇ ಉಳಿದಿದೆ.

ಹೀಗೆ ಕೇಳುವ ಅನುಕೂಲ ಎಲ್ಲರಿಗಿಲ್ಲ ಎಂಬುದೂ ಗೊತ್ತು. ನಮ್ಮ ಅಪಾರ್ಟ್‌ಮೆಂಟಿನ ಎದುರು ಕಟ್ಟಡ ಕೆಲಸಕ್ಕೆ ಬಂದಿರುವ ಯಾದಗಿರಿಯ ದಂಪತಿ ಮಕ್ಕಳನ್ನು ಊರಲ್ಲೇ ಅಜ್ಜಿ ಬಳಿ ಬಿಟ್ಟು ಬಂದಿದ್ದಾರೆ. ಅವರು ಯಾರ ಬಳಿ ಸಮಯ ಕೇಳಬೇಕು? ಆದರೆ ಕೇಳಬಹುದಾದ ನಾವು ಕೇಳದೆ, ಹೊತ್ತು ಸಿಗುತ್ತಿಲ್ಲವೆಂದು ಗೊಣಗುವುದು ನನಗೆ ಸರಿ ಕಾಣುವುದಿಲ್ಲ.

ಈಗ ಆ ಒಂದೂವರೆ ಗಂಟೆಯಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ಮೊನ್ನೆ ಪುಂಡಿ ಸೊಪ್ಪು ತಂದಿದ್ದೆ. ಮಗಳು ‘ಇದು ಗೋಂಗೂರ’ ಅಂದಳು. ನಾನು ಪುಂಡಿ ಅಂದೆ. ಇಬ್ಬರೂ ಬಿಟ್ಟುಕೊಡಲಿಲ್ಲ. ಕೊನೆಗೆ ಅಜ್ಜಿಗೆ ಫೋನ್ ಹೋಯಿತು. ಅಲ್ಲಿ ತೀರ್ಪು ನನ್ನ ಕಡೆ ಬಂತು, ಜೊತೆಗೆ ಪುಂಡಿಪಲ್ಯಕ್ಕೆ ಜೋಳದ ನುಚ್ಚು ಎಷ್ಟು ಹಾಕಬೇಕೆಂಬ ಅರ್ಧ ಗಂಟೆಯ ಪಾಠವೂ ಬಂತು. ಈ ವಾರ ಮತ್ತೆ ಮಾಡೋಣ ಎಂದು ಹೆಂಡತಿ ಹೇಳಿದಾಗ ಮಗಳು, ‘ಗುರುವಾರ ಬೇಡಮ್ಮ, ಅಪ್ಪ ಮೀಟಿಂಗಲ್ಲಿ ಇರ್ತಾರೆ’ ಅಂದಳಂತೆ.