ನಕ್ಷೆಯಲ್ಲಿ ಉಳಿದ ನೀರು

ಊರು ಬೆಳೆದ ಕಥೆಯನ್ನು ಹಿರಿಯರ ಬಾಯಿಂದ ಕೇಳುವುದು ಒಂದು ಬಗೆ; ಭೂಮಾಪನದ ಹಳೆಯ ನಕ್ಷೆಗಳಲ್ಲಿ ಓದುವುದು ಇನ್ನೊಂದು ಬಗೆ. ಚೆನ್ನೈ ನಗರದ ಅಡಯಾರು ನದಿಯ ದಡವನ್ನು ಈ ಎರಡನೆಯ ಬಗೆಯಿಂದ ನೋಡಿದರೆ ಅನೇಕ ಸಂಗತಿಗಳು ತಿಳಿಯುತ್ತವೆ.

ಭಾರತದ ಭೂಮಾಪನದಲ್ಲಿ ಈ ಪ್ರದೇಶಕ್ಕೆ ವಿಶೇಷ ಸ್ಥಾನವುಂಟು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ತನ್ನ ಮಹಾ ತ್ರಿಕೋನಮಿತಿ ಮೋಜಣಿಗಾಗಿ ಸುಮಾರು 7.5 ಮೈಲಿ ಉದ್ದದ ಆಧಾರರೇಖೆಯನ್ನು ಅಳೆದುದು ನದಿಗೆ ಸಮೀಪದ ಸೇಂಟ್ ಥಾಮಸ್ ಬೆಟ್ಟದ ಬಳಿಯಲ್ಲಿ. ಮುಂದೆ ಸರ್ವೆ ಇಲಾಖೆಯ ಹಾಳೆಗಳು ಬಣ್ಣದಲ್ಲಿ ಅಚ್ಚಾದವು: ನೀರಿಗೆ ನೀಲಿ, ಸಾಗುವಳಿಗೆ ಹಳದಿ, ಮನೆ ರಸ್ತೆಗಳಿಗೆ ಕೆಂಪು, ನೆಲದ ಏರಿಳಿತದ ರೇಖೆಗಳಿಗೆ ಕಂದು. ಬೇರೆ ಬೇರೆ ಕಾಲದ ಹಾಳೆಗಳನ್ನು ಒತ್ತಟ್ಟಿಗಿಟ್ಟರೆ ಕೆಂಪು ಹರಡುತ್ತ, ಹಳದಿಯೂ ನೀಲಿಯೂ ಕುಗ್ಗುತ್ತ ಬಂದುದು ಕಾಣುತ್ತದೆ. ಕಂದು ರೇಖೆಗಳು ಮಾತ್ರ ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತವೆ. ಮನೆ ಕಟ್ಟಿದ ಮಾತ್ರಕ್ಕೆ ತಗ್ಗು ನೆಲ ಎತ್ತರವಾಗದಷ್ಟೆ!

ಹಳೆಯ ನಕ್ಷೆಗಳಲ್ಲಿ ನುಂಗಂಬಾಕ್ಕಂನಿಂದ ಸೈದಾಪೇಟೆಯ ಕಡೆಗೆ ಚಾಚಿದ ದೊಡ್ಡ ಕೆರೆಯೊಂದಿದೆ. ‘ಲಾಂಗ್ ಟ್ಯಾಂಕ್’ ಎಂದು ಅದರ ಹೆಸರು. 1920ರ ದಶಕದಲ್ಲಿ ಅದರ ನೀರನ್ನು ಬರಿದುಮಾಡಿ ತ್ಯಾಗರಾಯನಗರವೆಂಬ ಬಡಾವಣೆಯನ್ನು ನಿರ್ಮಿಸಿದರು. ರೇಷ್ಮೆ ಸೀರೆಗಾಗಿ, ಒಡವೆಗಾಗಿ ಜನ ಇಂದು ಮುಗಿಬೀಳುವ ಪೇಟೆ ಅದೇ. ಕೆರೆ ಹೋಯಿತು; ಪಕ್ಕದ ಪಶ್ಚಿಮ ಮಾಂಬಲದಲ್ಲಿ ‘ಲೇಕ್ ವ್ಯೂ ರಸ್ತೆ’ ಎಂಬ ಹೆಸರು ಮಾತ್ರ ಉಳಿಯಿತು.

ನಗರ ಅಷ್ಟಕ್ಕೇ ನಿಲ್ಲಲಿಲ್ಲ. ನದಿಯ ಮೇಲ್ಭಾಗದ ಗದ್ದೆಗಳೂ ಕೆರೆಯಂಗಳಗಳೂ ಒಂದೊಂದಾಗಿ ಬಡಾವಣೆಗಳಾದವು. ವಿಮಾನ ನಿಲ್ದಾಣದ ಎರಡನೆಯ ಓಡುದಾರಿಯೂ ಸೇತುವೆಯ ಮೇಲೆ ನದಿಯನ್ನು ದಾಟಿತು.

2015ರ ಡಿಸೆಂಬರ್ ಮೊದಲ ವಾರದಲ್ಲಿ ಭಾರಿ ಮಳೆ ಸುರಿಯಿತು. ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರೂ ತುಂಬಿದ ಇತರ ಕೆರೆಗಳ ನೀರೂ ಸೇರಿ ಅಡಯಾರು ಉಕ್ಕಿತು. ಸೈದಾಪೇಟೆ, ಕೊಟ್ಟೂರುಪುರಗಳಲ್ಲಿ ಮನೆಗಳು ಮುಳುಗಿದವು. ವಿಮಾನ ನಿಲ್ದಾಣ ಕೆಲವು ದಿನ ಮುಚ್ಚಿತು. ನೀರು ಊರಿಗೆ ನುಗ್ಗಿತೆಂದು ಜನ ಮರುಗಿದರು. ಊರೇ ನೀರಿನ ನೆಲೆಗೆ ಮೊದಲು ನುಗ್ಗಿತ್ತೆಂಬುದು ಹಳೆಯ ಹಾಳೆಗಳ ಸಾಕ್ಷ್ಯ.

ನಿವೇಶನ ಕೊಳ್ಳುವವರು ಕ್ರಯಪತ್ರವನ್ನು ವಕೀಲರಿಗೆ ತೋರಿಸುವುದು ವಾಡಿಕೆ. ಆ ಸ್ಥಳದ ಹಳೆಯ ನಕ್ಷೆಯನ್ನೂ ಒಮ್ಮೆ ಬಿಡಿಸಿ ನೋಡುವುದು ಲೇಸು. ನೆಲದ ಒಡೆಯನಾರೆಂಬುದನ್ನು ಪತ್ರ ತಿಳಿಸುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ಬರುವ ಅತಿಥಿ ಯಾರೆಂಬುದನ್ನು ನಕ್ಷೆ ತಿಳಿಸುತ್ತದೆ.