ಊರ ತಂಡದ ದನಿ
1958ರಲ್ಲಿ ಡಾಡ್ಜರ್ಸ್ ಬೇಸ್‌ಬಾಲ್ ತಂಡ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಬಂದಾಗ ಅದಕ್ಕೆ ಸ್ವಂತ ಮೈದಾನವಿರಲಿಲ್ಲ. ಒಲಿಂಪಿಕ್ಸ್ ನಡೆದಿದ್ದ ಕೊಲಿಸಿಯಮ್ ಕ್ರೀಡಾಂಗಣವೇ ನಾಲ್ಕು ವರ್ಷ ಗತಿಯಾಯಿತು. ಅಲ್ಲಿ ಹಿಂದಿನ ಸಾಲಿನವರಿಗೆ ಆಟಗಾರರು ಇರುವೆಯಷ್ಟೇ ಕಾಣುತ್ತಿದ್ದರು. ಹಾಗಾಗಿ ಜನ ಟ್ರಾನ್ಸಿಸ್ಟರ್ ರೇಡಿಯೊ ಹಿಡಿದು ಬಂದರು. ಕಣ್ಣೆದುರಿನ ಆಟವನ್ನೇ ವಿನ್ ಸ್ಕಲಿಯ ಬಾಯಿಂದ ಕೇಳಿದರು. 1950ರಿಂದ 2016ರವರೆಗೆ, ಒಟ್ಟು 67 ಸೀಸನ್, ಒಂದೇ ತಂಡಕ್ಕೆ ವೀಕ್ಷಕ ವಿವರಣೆ ಕೊಟ್ಟವರು ಸ್ಕಲಿ. ದೊಡ್ಡ ಹೊಡೆತ ಬಿದ್ದೊಡನೆ ತಾವು ಸುಮ್ಮನಾಗಿ ಜನರ ಕೇಕೆಯನ್ನೇ ಕೇಳಿಸುತ್ತಿದ್ದರು. ಆ ಮೌನವೇ ಅವರ ಹಿರಿಯ ವಿದ್ಯೆ ಎಂದು ನನಗನ್ನಿಸುತ್ತದೆ. ಪಕ್ಕದಲ್ಲೇ ಇನ್ನೊಂದು ದನಿಯೂ ಇತ್ತು, ಅದನ್ನು ಮರೆಯಬಾರದು: ಈಕ್ವೆಡಾರ್‌ನಿಂದ ವಲಸೆ ಬಂದ ಹೈಮೆ ಹರೀನ್. 1959ರಿಂದ 2022ರವರೆಗೆ ಅವರು ಆಟವನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದರು. ಊರಿನ ಮೆಕ್ಸಿಕನ್ ಮನೆಗಳಿಗೆ ಡಾಡ್ಜರ್ಸ್ ‘ನಮ್ಮ ತಂಡ’ವಾದದ್ದರಲ್ಲಿ ಅವರ ಪಾಲು ದೊಡ್ಡದು.